ಹೋಮ್ ಸ್ಟಡಿ ಶುರುವಾಗೋಕೇ 14 ತಿಂಗಳು, ಇದು ಸರಿನಾ?

ಹಾಸನದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾವು ಹನ್ನೊಂದು ವರ್ಷದಿಂದ ಯೂರೋಪಿನಲ್ಲಿದ್ದೇವೆ. ಯಾವ ದೇಶ, ಯಾವ ಊರು ಅಂತ ಹೇಳುವುದಿಲ್ಲ. ಇಲ್ಲಿ ಕನ್ನಡದವರದ್ದು ನಾಲ್ಕೇ ಮನೆ, ಯಾರು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಭಾರತದಿಂದ ಒಂದು ಮಗುವನ್ನು ದತ್ತು ತಗೊಳ್ಳಲು ಅರ್ಜಿ ಕೊಟ್ಟಿದ್ದೇವೆ. ಇಬ್ಬರದ್ದೂ ಭಾರತದ್ದೇ ಪಾಸ್‌ಪೋರ್ಟ್.

ಗೊತ್ತಿಲ್ಲದವರಿಗೆ ಎರಡು ಮಾತು. ದತ್ತು ವ್ಯವಹಾರವನ್ನೆಲ್ಲ ನೋಡಿಕೊಳ್ಳುವುದು ದೆಹಲಿಯಲ್ಲಿರುವ ಕಾರಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಲ್ಲೋ ಹಾಸನದಲ್ಲೋ ಇರುವವರು ಅದರ ಪೋರ್ಟಲ್‌ನಲ್ಲಿ ತಾವೇ ಹೆಸರು ಹಾಕಿಕೊಳ್ಳಬಹುದು, ಮನೆಗೆ ಬಂದು ನೋಡುವುದು ಆಮೇಲೆ. ನಮಗೆ ಹಾಗಿಲ್ಲ. ಮೊದಲು ಇಲ್ಲಿಯ ಸಂಸ್ಥೆ ಹೋಮ್ ಸ್ಟಡಿ ಮಾಡಬೇಕು. ಸೋಶಿಯಲ್ ವರ್ಕರ್ ಬಂದು ನಮ್ಮ ಮನೆ, ಸಂಬಳ, ಆರೋಗ್ಯ, ಗಂಡ ಹೆಂಡತಿ ಹೇಗಿದ್ದೇವೆ ಎಲ್ಲ ನೋಡಿ ವರದಿ ಬರೆಯಬೇಕು. ಅದು ಮುಗಿದ ಮೇಲೆ ಅವರೇ ಕಾರಾದಲ್ಲಿ ನೋಂದಣಿ ಮಾಡುತ್ತಾರೆ.

ಆ ಸೋಶಿಯಲ್ ವರ್ಕರ್ ಬರಲಿ ಅಂತ ಕಾಯುತ್ತಾ 14 ತಿಂಗಳಾಯಿತು. ಇನ್ನೂ ಮೊದಲ ಭೇಟಿಯೇ ಆಗಿಲ್ಲ. ಫೋನ್ ಮಾಡಿದರೆ "ನಿಮ್ಮ ಹೆಸರು ಪಟ್ಟಿಯಲ್ಲಿದೆ" ಅನ್ನುತ್ತಾರೆ. ಪಟ್ಟಿಯಲ್ಲಿ ಎಷ್ಟನೇ ಹೆಸರು ಅಂತ ಕೇಳಿದರೆ ಹೇಳುವುದಿಲ್ಲ.

ನನ್ನ ತಲೆಬಿಸಿ ಬೇರೆ. ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸು ಕೂಡಿಸಿದಾಗ 85 ದಾಟಬಾರದು. ಅರ್ಜಿ ಕೊಟ್ಟಾಗ ನನಗೆ 40, ಇವರಿಗೆ 43. ಈಗ 41 ಮತ್ತು 44. ಸರಿಯಾಗಿ ಗೆರೆಯ ಮೇಲೆ ನಿಂತಿದ್ದೇವೆ. ಮಾರ್ಚ್‌ನಲ್ಲಿ ಇವರ ಹುಟ್ಟುಹಬ್ಬ. ಜಗತ್ತಿಗೆಲ್ಲ ವರ್ಷಕ್ಕೆ ಒಂದು ವರ್ಷ ವಯಸ್ಸಾದರೆ ಕಾರಾ ಲೆಕ್ಕದಲ್ಲಿ ನಮಗೆ ಎರಡು ವರ್ಷ ಆಗುತ್ತದೆ!

ಇದು ನ್ಯಾಯನಾ ಹೇಳಿ.

ಸಿಲ್ಕ್‌ಬೋರ್ಡ್_ಸಿಗ್ನಲ್:
ಅಕ್ಕಾ, ಬೇಜಾರಾಗಬೇಡಿ, ಆದರೆ ಕಾಯುವುದು ನೀವೊಬ್ಬರೇ ಅಲ್ಲ. ನಮ್ಮ ಹೋಮ್ ಸ್ಟಡಿ ಬೆಂಗಳೂರಿನಲ್ಲಿ ಒಂದೂವರೆ ತಿಂಗಳಲ್ಲಿ ಮುಗಿಯಿತು. 2022ರ ನಿಯಮದಲ್ಲಿ 60 ದಿನ ಅಂತ ಗಡುವಿದೆ. ಬಂದವರು ಕಾಫಿ ಕುಡಿದರು, ಬಾಲ್ಕನಿಗೆ ಗ್ರಿಲ್ ಹಾಕಿಸಿ ಅಂದರು, ಹೋದರು. ಅದಾಗಿ ಎರಡು ವರ್ಷ ಆಯಿತು. ಒಂದು ರೆಫರಲ್ ಬಂದಿಲ್ಲ, ಅಂದರೆ ಇಂಥ ಮಗು ಇದೆ, ಆಗುತ್ತದಾ ಅಂತ ಯಾರೂ ಕೇಳಿಲ್ಲ. ನಿಮ್ಮ ಸರದಿ ಬಾಗಿಲ ಹೊರಗೆ, ನಮ್ಮದು ಬಾಗಿಲ ಒಳಗೆ. ಒಟ್ಟಿನಲ್ಲಿ ಎಲ್ಲರೂ ನಿಂತಿದ್ದೇವೆ.

ಹಾಸನದ_ಹುಡುಗಿ:
ಒಳಗೆ ನಿಂತವರಿಗೆ ಟೋಕನ್ ಸಿಕ್ಕಿರುತ್ತದಲ್ಲಾ! ನಿಮ್ಮ ಸೀನಿಯಾರಿಟಿ ನೋಂದಣಿಯ ದಿನದಿಂದಲೇ ಎಣಿಕೆ, ವಯಸ್ಸು ನೋಡುವುದೂ ಅವತ್ತಿನದೇ. ನಮ್ಮ 14 ತಿಂಗಳು ಯಾವ ಲೆಕ್ಕಕ್ಕೂ ಇಲ್ಲ. ಹೊರಗೆ ನಿಂತು ಸುಮ್ನೆ ಮುದುಕರಾಗುತ್ತಿದ್ದೇವೆ.

ಸಿಲ್ಕ್‌ಬೋರ್ಡ್_ಸಿಗ್ನಲ್:
ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಅನ್ಯಾಯವೇ.

ನಿವೃತ್ತೆ_ಮೈಸೂರು:
ನಾನು ಹತ್ತೊಂಬತ್ತು ವರ್ಷ ಹೋಮ್ ಸ್ಟಡಿ ಬರೆದವಳು, ಒಂದು ದತ್ತು ಸಂಸ್ಥೆಯಲ್ಲಿ. ಈಗ ನಿವೃತ್ತಿ. "ಕಾಫಿ ಕುಡಿದು ಹೋದರು" ಅನ್ನುವ ಮಾತಿಗೆ ಸ್ವಲ್ಪ ಬೇಸರವಾಯಿತು, ಆದರೆ ಕೆಲವು ಕಡೆ ಹಾಗೆ ನಡೆಯುತ್ತದೆ, ಅದೂ ನಿಜ.

ಹಾಸನದ ಹುಡುಗಿಗೆ ನನ್ನ ಮಾತು ಕಹಿ ಅನ್ನಿಸಬಹುದು ಕಣಮ್ಮ. ಈ ವರದಿ ಯಾಕೆ ಬಂತು ಅಂತ ನೋಡಿ. ಎಂಬತ್ತರ ದಶಕದ ಮೊದಲು ಹೊರದೇಶದವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು, ಹೋದ ಮೇಲೆ ಏನಾಯಿತು ಅಂತ ಕೇಳುವವರೇ ಇರಲಿಲ್ಲ. ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಕೊಟ್ಟರು. ಹೊರದೇಶದವರ ಅರ್ಜಿ ಅವರದೇ ದೇಶದ ಅಧಿಕೃತ ಸಂಸ್ಥೆಯ ಮೂಲಕ ಬರಬೇಕು, ಜೊತೆಗೆ ಹೋಮ್ ಸ್ಟಡಿ ವರದಿ ಇರಲೇಬೇಕು ಅಂತ ಆದದ್ದು ಆಗ. ಕಾರಾ ಹುಟ್ಟಿದ್ದು ಕೂಡ ಆ ತೀರ್ಪಿನಿಂದಲೇ. ಅದಕ್ಕೇ ತಡ ಅನ್ನುವ ಒಂದೇ ಕಾರಣಕ್ಕೆ ಈ ಹಂತವನ್ನು ಸಡಿಲ ಮಾಡಿ ಅಂದರೆ ನನಗೆ ಭಯವಾಗುತ್ತದೆ.

ಪಾಟೀಸವಾಲು:
ಮೇಡಂ, ಸಡಿಲ ಮಾಡಿ ಅಂತ ಆಕೆ ಎಲ್ಲಿ ಹೇಳಿದರು? ಶುರು ಮಾಡಿ ಅಂದರು. ಎರಡೂ ಬೇರೆ.

ನಾನು ವಕೀಲ, ಈ ತರಹದ ಕೆಲವು ಫೈಲು ನೋಡಿದ್ದೇನೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ದತ್ತಿಗೆ ಹೇಗ್ ಒಪ್ಪಂದ ಅಂತ ಇದೆ, ಅದಕ್ಕೆ ಭಾರತ 2003ರಲ್ಲಿ ಸೇರಿತು. ಅದರ 5ನೇ ವಿಧಿ ಏನು ಹೇಳುತ್ತದೆ? ಮಗು ಹೋಗುವ ದೇಶವೇ ಆ ದಂಪತಿಯನ್ನು ನೋಡಿ, ಇವರು ಅರ್ಹರು, ಯೋಗ್ಯರು ಅಂತ ತೀರ್ಮಾನ ಮಾಡಿರಬೇಕು. ಸರಿ. 35ನೇ ವಿಧಿ ಕೂಡ ಇದೆ. ದತ್ತು ಕೆಲಸವನ್ನು ಅಧಿಕಾರಿಗಳು ತಡಮಾಡದೆ ಮಾಡಬೇಕು ಅನ್ನುತ್ತದೆ. ಎಲ್ಲರೂ 5ನ್ನು ಓದುತ್ತಾರೆ, 35ನ್ನು ಮರೆಯುತ್ತಾರೆ.

ಪಟ್ಟಿಯಲ್ಲಿ ಹೆಸರು ಕೂತಿರುವ 14 ತಿಂಗಳಲ್ಲಿ ಆ ದಂಪತಿ ಬಗ್ಗೆ ಯಾರಿಗಾದರೂ ಒಂದು ಹೊಸ ವಿಷಯ ತಿಳಿಯಿತಾ? ಇಲ್ಲ. ಅದು ಪರೀಕ್ಷೆಯಲ್ಲ, ಪರೀಕ್ಷಾ ಹಾಲ್‌ನ ಬೀಗ ತೆಗೆಯುವವನು ಇನ್ನೂ ಬಂದಿಲ್ಲ, ಅಷ್ಟೇ.

ನಿವೃತ್ತೆ_ಮೈಸೂರು:
ಬೀಗ ತೆಗೆಯುವವನು ಒಬ್ಬನೇ ಇದ್ದರೆ ಏನು ಮಾಡುತ್ತಾನೆ ಪಾಪ? ನನ್ನ ಹತ್ತಿರ ಒಮ್ಮೊಮ್ಮೆ ಇಪ್ಪತ್ತು ಕುಟುಂಬದ ಫೈಲು ಇರುತ್ತಿತ್ತು. ಗಂಡನ ಜೊತೆ ಒಂದು ಸಲ ಮಾತು, ಹೆಂಡತಿ ಜೊತೆ ಒಂದು ಸಲ, ಇಬ್ಬರನ್ನೂ ಕೂರಿಸಿ ಒಂದು ಸಲ, ಮನೆಗೆ ಹೋಗಿ ಒಂದು ಸಲ. ಮನೆಯಲ್ಲಿ ಅತ್ತೆ ಇದ್ದರೆ ಅವರ ಜೊತೆ ಬೇರೆ ಮಾತು. ಒಬ್ಬ ಅಜ್ಜಿ ನನಗೇ ಹೇಳಿದರು, "ಮಗು ತಂದುಕೊಳ್ಳಲಿ, ಬಣ್ಣ ಮಾತ್ರ ನಮ್ಮ ಮನೆಯವರ ತರಹ ಇರಲಿ" ಅಂತ. ಸೊಸೆ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಇದು ಒಂದು ಭೇಟಿಯಲ್ಲಿ ಸಿಗುವ ವಿಷಯ ಅಲ್ಲ.

ಒಂದು ದಂಪತಿಗೆ ನಾನೇ "ಆರು ತಿಂಗಳು ಬಿಟ್ಟು ಬನ್ನಿ" ಅಂದಿದ್ದೆ. ಅವರಿಗೆ ಗರ್ಭಪಾತ ಆಗಿ ಮೂರು ತಿಂಗಳಾಗಿತ್ತು. ಹೋದ ಮಗುವಿನ ಜಾಗಕ್ಕೆ ಬರುವ ಮಗುವನ್ನು ಹುಡುಕುತ್ತಿದ್ದರು. ಆಗ ನನಗೆ ಬೈದುಕೊಂಡು ಹೋದರು. ಆಮೇಲೆ ಬಂದರು. ಈಗ ಆ ಹುಡುಗ ಪಿಯುಸಿ.

ಪಾಟೀಸವಾಲು:
ನೀವು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದೀರಿ ಮೇಡಂ. ಆ ಆರು ತಿಂಗಳನ್ನು ನೀವು ನೋಡಿ, ಯೋಚಿಸಿ ಕೊಟ್ಟಿರಿ. ನಿಮ್ಮ ಮೇಜಿನ ಮೇಲೆ ಫೈಲು ದೂಳು ತಿಂದದ್ದರಿಂದ ಆದ ಆರು ತಿಂಗಳಲ್ಲ ಅದು.

ನಿವೃತ್ತೆ_ಮೈಸೂರು:
ಹ್ಞಂ. ಒಪ್ಪಿದೆ. ವಕೀಲರ ಹತ್ತಿರ ಹುಷಾರಾಗಿ ಮಾತಾಡಬೇಕು.

ಆದರೂ ಒಂದು. 2017ರ ಅಕ್ಟೋಬರ್ ನೆನಪಿದೆಯಾ? ಬಿಹಾರದಿಂದ ಹಿಂದಿನ ವರ್ಷ ದತ್ತು ಹೋಗಿದ್ದ ಮೂರು ವರ್ಷದ ಹೆಣ್ಣುಮಗು ಅಮೆರಿಕದ ಟೆಕ್ಸಾಸ್‌ನಲ್ಲಿ ಸತ್ತುಹೋಯಿತು. ತಂದೆಗೆ 2019ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಭಾರತ ಮೂಲದ್ದೇ ಕುಟುಂಬ, ಓದಿದವರು, ಒಳ್ಳೆಯ ಕೆಲಸದಲ್ಲಿದ್ದವರು. ಆ ಸುದ್ದಿ ಓದಿದ ದಿನ ನಾನು ಬರೆದ ಹಳೇ ವರದಿಗಳನ್ನೆಲ್ಲ ಮನಸ್ಸಲ್ಲೇ ಮತ್ತೆ ಓದಿದೆ.

ಜರ್ಸಿ_ಜೋಳದರೊಟ್ಟಿ:
ಆ ಕುಟುಂಬಕ್ಕೂ ಹೋಮ್ ಸ್ಟಡಿ ಆಗಿತ್ತಲ್ಲಾ ಅಕ್ಕಾವ್ರೆ. ಅದಕ್ಕೇ ನಾನು ಹೇಳುವುದು, ಎಷ್ಟು ದಿನ ಅನ್ನುವುದು ಮುಖ್ಯ ಅಲ್ಲ, ಏನು ನೋಡಿದರು ಅನ್ನುವುದು ಮುಖ್ಯ.

ನಾವು ಅಮೆರಿಕದಲ್ಲಿದ್ದೇವೆ, ಮೂಲ ಗದಗ ಕಡೆ. ಒಡಿಶಾದಿಂದ ನಮ್ಮ ಮಗಳು ಬಂದಳು, ಬಂದಾಗ ನಾಲ್ಕು ವರ್ಷ, ಒಂದು ಕಿವಿ ಕೇಳಿಸುವುದಿಲ್ಲ. ನಮ್ಮ ಹೋಮ್ ಸ್ಟಡಿ ಮೂರೇ ತಿಂಗಳಲ್ಲಿ ಮುಗಿಯಿತು. ಯಾಕೆಂದರೆ ಇಲ್ಲಿ ಸಂಸ್ಥೆಗಳು ಖಾಸಗಿ, ಫೀಸ್ ಕೊಟ್ಟರೆ ಶುರು. ಆದರೆ ಸಸಾರ ಏನಿರಲಿಲ್ಲ. ಹತ್ತು ಗಂಟೆ ತರಬೇತಿ ಕಡ್ಡಾಯ, ಬೆರಳಚ್ಚು, ನಾವು ಹಿಂದೆ ಇದ್ದ ಊರುಗಳ ಪೊಲೀಸ್ ದಾಖಲೆ ಎಲ್ಲ ಕೇಳಿದರು. ನನ್ನ ಅಪ್ಪ ನನಗೆ ಹೊಡೆಯುತ್ತಿದ್ದರಾ ಅಂತ ಕೇಳಿದರು. ಹೌದು ಅಂದೆ. ಅದರ ಮೇಲೆ ಒಂದು ಗಂಟೆ ಮಾತು.

ಒಂದು ಎಚ್ಚರಿಕೆ, ಇಲ್ಲಿ ಇರುವವರಿಗೆ. ಹೊರದೇಶದ ಮಗುವನ್ನು ದತ್ತು ತರಲು ಇಲ್ಲಿಯ ಸರ್ಕಾರಕ್ಕೆ ಐ-800ಎ ಅನ್ನುವ ಅರ್ಜಿ ಹಾಕಬೇಕೆಂದರೆ ಅಮೆರಿಕದ ನಾಗರಿಕ ಆಗಿರಬೇಕು. ಎಚ್-1ಬಿ ಇದ್ದವರು, ಗ್ರೀನ್ ಕಾರ್ಡ್ ಇದ್ದವರು ಆ ದಾರಿಯಲ್ಲಿ ಹೋಗೋಕೆ ಆಗುವುದಿಲ್ಲ. ನಾವು ಸಿಟಿಜನ್‌ಶಿಪ್‌ಗೆ ಕಾದ ವರ್ಷಗಳನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ.

ಸಿಲ್ಕ್‌ಬೋರ್ಡ್_ಸಿಗ್ನಲ್:
ಅಂದರೆ ದುಡ್ಡಿದ್ದವರಿಗೆ ಮೂರು ತಿಂಗಳು, ಸರ್ಕಾರಿ ಸರದಿಗೆ 14 ತಿಂಗಳು. ತಿರುಪತಿ ಸ್ಪೆಷಲ್ ದರ್ಶನದ ತರಹ.

ಜರ್ಸಿ_ಜೋಳದರೊಟ್ಟಿ:
ಒಪ್ಪುತ್ತೇನೆ ಅಣ್ಣ. ನನಗೂ ಒಳಗೊಳಗೇ ಕಸಿವಿಸಿ ಇತ್ತು. ಫೀಸ್ ತಗೊಂಡವರು "ನೀವು ಯೋಗ್ಯರಲ್ಲ" ಅಂತ ಎಷ್ಟು ಜನಕ್ಕೆ ಹೇಳಿಯಾರು?

ನಿವೃತ್ತೆ_ಮೈಸೂರು:
ಇದೇ ನನ್ನ ಭಯ. ವೇಗ ಬೇಕು ಅಂದರೆ ಜನ ಜಾಸ್ತಿ ಬೇಕು. ಜನ ಜಾಸ್ತಿ ಬೇಕು ಅಂದರೆ ಸರ್ಕಾರ ದುಡ್ಡು ಹಾಕಬೇಕು, ಇಲ್ಲ ಅಂದರೆ ಅಪ್ಪ ಅಮ್ಮ ಆಗಬೇಕಾದವರು ಹಾಕಬೇಕು. ಎರಡನೆಯದರಲ್ಲಿ ಸೋಶಿಯಲ್ ವರ್ಕರ್ ಕೈ ಕಟ್ಟಿದ ಹಾಗೆ.

ಸುಬ್ಬಣ್ಣನ_ಮಗ:
ಇಷ್ಟೆಲ್ಲ ಒದ್ದಾಟ ಯಾಕೆ? ಅಣ್ಣನದ್ದೋ ತಂಗಿಯದ್ದೋ ಮಗು ತಗೊಳ್ಳಿ. ಮನೆ ರಕ್ತ. ಇಲ್ಲಾ ಅಂದರೆ ಆರು ತಿಂಗಳು ಊರಿಗೆ ಬಂದು ಹಾಸನದ ಅಡ್ರೆಸ್ ಕೊಟ್ಟು ನೋಂದಣಿ ಮಾಡಿಸಿ, ಮಗು ಸಿಕ್ಕ ಮೇಲೆ ಹೊರಟುಬಿಡಿ. ನಮ್ಮ ಪರಿಚಯದವರು ಹಾಗೇ ಮಾಡಿದರು.

ಪಾಟೀಸವಾಲು:
ಸ್ವಾಮಿ, ಇಂಥ ಸಲಹೆ ಕೇಳಿ ಕೆಟ್ಟವರ ಫೈಲೇ ನನ್ನ ಮೇಜಿನ ಮೇಲಿರುವುದು.

ನಂಟರ ಮಗು ಅಂದರೂ ಸುಮ್ನೆ ಎತ್ತಿಕೊಂಡು ಹೋಗುವ ಹಾಗಿಲ್ಲ. ಬಾಲ ನ್ಯಾಯ ಕಾಯ್ದೆಯ 60ನೇ ಸೆಕ್ಷನ್ ಇರುವುದೇ ಹೊರದೇಶದಲ್ಲಿರುವ ನಂಟರಿಗಾಗಿ. ಆದೇಶ ಬೇಕು, ಕಾರಾದ ಎನ್‌ಒಸಿ ಬೇಕು. ಆದೇಶ ಕೊಡುವ ಕೆಲಸ 2022ರ ಸೆಪ್ಟೆಂಬರ್‌ನಿಂದ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಹೋಗಿದೆ, ಆದರೆ ಕೆಲಸ ಅದೇ.

ಇನ್ನು ಹಾಸನದ ಅಡ್ರೆಸ್. ಹೇಗ್ ಒಪ್ಪಂದ ನೋಡುವುದು ನೀವು ನಿಜವಾಗಿ ಎಲ್ಲಿ ನೆಲೆಸಿದ್ದೀರಿ ಅಂತ, ಆಧಾರ್ ಎಲ್ಲಿಯದು ಅಂತ ಅಲ್ಲ. ಮಗುವಿಗೆ ಕಾಗದ ಸಿಗುತ್ತದೆ, ವೀಸಾ ಸಿಗುವುದಿಲ್ಲ. ಬ್ರಿಟನ್‌ನಲ್ಲಂತೂ ನೆಲೆಸಿರುವವರು ಅಲ್ಲಿಯ ಮೌಲ್ಯಮಾಪನ ಆಗದೆ ಹೊರಗೆ ದತ್ತು ಪಡೆದು ಕೂಡಲೇ ಕರೆತಂದರೆ ಅದು ಅಪರಾಧ, 2002ರ ಕಾಯ್ದೆಯ 83ನೇ ಸೆಕ್ಷನ್. ಅಮ್ಮ ಒಂದು ಖಂಡದಲ್ಲಿ, ಮಗು ಅಜ್ಜಿ ಮನೆಯಲ್ಲಿ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಾಸನದ_ಹುಡುಗಿ:
ಸುಬ್ಬಣ್ಣನ ಮಗ ಅವರೇ, ನನ್ನ ತಂಗಿಗೆ ಇರುವುದು ಒಂದೇ ಮಗು. ಅದನ್ನು ಕೊಡು ಅಂತ ಕೇಳಲಾ?

ಸುಬ್ಬಣ್ಣನ_ಮಗ:
ತಪ್ಪು ತಿಳಿಯಬೇಡಿ ಅಕ್ಕ, ಒಳ್ಳೆಯದಕ್ಕೇ ಹೇಳಿದೆ.

ಇಬ್ಬನಿ:
ನಾನು ದತ್ತು ಹೋದವಳು. ಹೊರದೇಶಕ್ಕಲ್ಲ, ದಾವಣಗೆರೆಗೆ. ಆರು ವರ್ಷ ಆಗಿತ್ತು, ಆದ್ದರಿಂದ ಸಂಸ್ಥೆಯಲ್ಲಿದ್ದ ದಿನಗಳು ಚೆನ್ನಾಗಿ ನೆನಪಿವೆ. ಇಲ್ಲಿ ಇಷ್ಟು ಹೊತ್ತು ದೊಡ್ಡವರ ಕಾಯುವಿಕೆ ಬಗ್ಗೆಯೇ ಮಾತಾಯಿತು. ಇನ್ನೊಂದು ಕಡೆಯಿಂದ ಹೇಳಲಾ?

ನನ್ನ ಜೊತೆ ಒಬ್ಬ ಹುಡುಗ ಇದ್ದ. ಕಾಲು ಸರಿಯಿರಲಿಲ್ಲ. ಇಟಲಿಯ ಒಂದು ಮನೆಯವರು ಅವನಿಗೆ ಒಂದು ಆಲ್ಬಂ ಕಳಿಸಿದ್ದರು. ಅವರ ನಾಯಿ, ಅವರ ಕಿಟಕಿ, ಅವನ ಮಂಚ. ದಿನಾ ಅದನ್ನು ನಮಗೆ ತೋರಿಸಿ "ಮುಂದಿನ ತಿಂಗಳು" ಅನ್ನುತ್ತಿದ್ದ. ಎಷ್ಟೋ ಮುಂದಿನ ತಿಂಗಳು ಬಂದು ಹೋದವು. ಆಲ್ಬಂನ ಪ್ಲಾಸ್ಟಿಕ್ ಹರಿದುಹೋಗಿತ್ತು.

ಪಾಟೀಸವಾಲು:
ಇಬ್ಬನಿ ಅವರೇ, ಮನಸ್ಸಿಗೆ ನಾಟುವ ಮಾತು. ಆದರೆ ಅದು ರೆಫರಲ್ ಆದ ಮೇಲಿನ ತಡ. ಎನ್‌ಒಸಿ, ಕೋರ್ಟು, ಪಾಸ್‌ಪೋರ್ಟು. ಇಲ್ಲಿಯ ಪ್ರಶ್ನೆ ಅದಕ್ಕೂ ಮುಂಚಿನದು.

ಇಬ್ಬನಿ:
ಗೊತ್ತು ಸರ್. ಮುಂಚಿನದ್ದನ್ನೂ ಹೇಳುತ್ತೇನೆ. ಆಲ್ಬಂ ಬರುವುದಕ್ಕೆ ಮೊದಲು ಅವನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ದೊಡ್ಡವಳಾದ ಮೇಲೆ ಅವನ ಜೊತೆ ಮಾತಾಡಿದೆ. ಅವನ ಅಪ್ಪ ಅಮ್ಮ ಹೇಳಿದ್ದರಂತೆ, ತಮ್ಮ ಊರಲ್ಲಿ ಮೌಲ್ಯಮಾಪನಕ್ಕೇ ಸುಮಾರು ಎರಡು ವರ್ಷ ಹೋಯಿತು ಅಂತ. ಅಂದರೆ ಅವರು ಅಲ್ಲಿ ಕಾಯುತ್ತಿದ್ದರು, ಇವನು ಇಲ್ಲಿ ಕಾಯುತ್ತಿದ್ದ. ಒಬ್ಬರಿಗೊಬ್ಬರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ.

ಹಾಸನದ ಅಕ್ಕ, ಬೇಜಾರು ಮಾಡ್ಕೋಬೇಡಿ. ಎರಡು ವರ್ಷದೊಳಗಿನ ಆರೋಗ್ಯವಾದ ಮಗುವಿಗೆ ದೇಶದಲ್ಲೇ ದೊಡ್ಡ ಸಾಲು ಇದೆ. ನೀವು ತಡವಾದರೆ ಆ ಮಗು ಸಿಲ್ಕ್‌ಬೋರ್ಡ್ ಅಣ್ಣನ ಮನೆಗೆ ಹೋಗುತ್ತದೆ. ನಿಮಗೆ ನಷ್ಟ, ಮಗುವಿಗಲ್ಲ. ಆದರೆ ಕಾಲು ಸರಿಯಿಲ್ಲದ ಒಂಬತ್ತು ವರ್ಷದ ಹುಡುಗನಿಗೆ ಸಾಲೇ ಇರುವುದಿಲ್ಲ. ಅವನಿಗೆ ಆಗಬಹುದಾದ ಒಂದು ಮನೆ ಪಟ್ಟಿಯಲ್ಲಿ ಕೂತಿದ್ದರೆ ಅವನ ವಯಸ್ಸೇ ಹೋಗುತ್ತದೆ.

ಸಿಲ್ಕ್‌ಬೋರ್ಡ್_ಸಿಗ್ನಲ್:
ನಾನು ಏನೋ ಟೈಪ್ ಮಾಡಿದ್ದೆ. ಅಳಿಸಿದೆ.

ಪಾಟೀಸವಾಲು:
ಕಾನೂನು ಕೂಡ ಇದನ್ನೇ ಹೇಳುತ್ತದೆ. ಬಾಲ ನ್ಯಾಯ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ದತ್ತು ಕೊಡಬಹುದು ಅಂತ ಘೋಷಣೆ ಆದ 60 ದಿನದಲ್ಲಿ ಇಲ್ಲಿಯವರು ಅಥವಾ ಅನಿವಾಸಿ ಭಾರತೀಯರು ಸಿಗದಿದ್ದರೆ ಆ ಮಗುವನ್ನು ಹೊರದೇಶಕ್ಕೆ ಕೊಡಬಹುದು. ಅಂಗವೈಕಲ್ಯ ಇರುವವರು, ಒಟ್ಟಿಗಿರುವ ಅಣ್ಣ ತಂಗಿಯರು, ಐದು ವರ್ಷ ದಾಟಿದವರು, ಇವರಿಗೆ ಅದರಲ್ಲಿ ಆದ್ಯತೆ ಕೊಡಬಹುದು. 2024-25ರಲ್ಲಿ ಒಟ್ಟು 4,515 ದತ್ತು ಆಗಿವೆ, ಅದರಲ್ಲಿ 4,155 ದೇಶದ ಒಳಗೇ. ಹೊರಗೆ ಹೋದದ್ದು ನಾನೂರೂ ಇಲ್ಲ.

ಸರದಿ ಎಲ್ಲರಿಗೂ ಒಂದೇ ಇರುವುದು ತಪ್ಪು ಅಂತ ಈಗ ನನಗೆ ಅನ್ನಿಸುತ್ತಿದೆ. ದೊಡ್ಡ ಮಗು, ವಿಶೇಷ ಆರೈಕೆ ಬೇಕಾದ ಮಗು ಆದೀತು ಅನ್ನುವವರ ಹೋಮ್ ಸ್ಟಡಿ ಮೊದಲು ಶುರು ಆಗಲಿ. ಮುಗಿಯುವುದು ಎಷ್ಟು ದಿನವಾದರೂ ಹಿಡಿಯಲಿ.

ನಿವೃತ್ತೆ_ಮೈಸೂರು:
ಬೇಡ! ಹಾಗೆ ಮಾಡಿದರೆ ನಾಳೆಯಿಂದ ಎಲ್ಲರೂ "ನಮಗೆ ದೊಡ್ಡ ಮಗುವೇ ಬೇಕು" ಅಂತ ಬರೆದುಕೊಂಡು ಬರುತ್ತಾರೆ, ಬೇಗ ಆಗಲಿ ಅಂತ. ಆರು ತಿಂಗಳ ಮೇಲೆ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ವಾಪಸ್ ಬಂದ ಮಗುವಿನ ಮುಖ ನೀವು ನೋಡಿಲ್ಲ ವಕೀಲರೇ. ನಾನು ಎರಡು ಸಲ ನೋಡಿದ್ದೇನೆ.

ಪಾಟೀಸವಾಲು:
ಅದನ್ನು ಹಿಡಿಯುವುದೇ ಹೋಮ್ ಸ್ಟಡಿ ಕೆಲಸ ಅಲ್ವಾ?

ನಿವೃತ್ತೆ_ಮೈಸೂರು:
ಹಿಡಿಯುತ್ತೇವೆ, ಸಮಯ ಕೊಟ್ಟರೆ. ಮತ್ತೆ ಅಲ್ಲಿಗೇ ಬಂದೆವು ನೋಡಿ.

ಜರ್ಸಿ_ಜೋಳದರೊಟ್ಟಿ:
ಇಬ್ಬರೂ ಒಂದು ವಿಷಯ ಬಿಟ್ಟಿರಿ. ಕಾಗದಕ್ಕೂ ಆಯಸ್ಸಿದೆ. ನಮ್ಮ ಐ-800ಎ ಮಂಜೂರಾತಿ 15 ತಿಂಗಳು ಮಾತ್ರ, ರೆಫರಲ್ ಬರುವಷ್ಟರಲ್ಲಿ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಬೆರಳಚ್ಚು, ಮತ್ತೆ ವರದಿಗೆ ತಿದ್ದುಪಡಿ. ಹೊಸ ಮನೆಗಳಿಗೆ ಹೋಗಬೇಕಾದ ಸೋಶಿಯಲ್ ವರ್ಕರ್ ಹಳೇ ಮನೆಗೇ ಸುತ್ತುತ್ತಿರುತ್ತಾರೆ.

ಪಾಟೀಸವಾಲು:
ಐರ್ಲೆಂಡಿನಲ್ಲಿ ಅರ್ಹತಾ ಘೋಷಣೆ 24 ತಿಂಗಳು, ಮೇಲೆ 12 ತಿಂಗಳು ವಿಸ್ತರಣೆ. ಭಾರತದಲ್ಲಿ ಹೋಮ್ ಸ್ಟಡಿಗೆ ಮೂರು ವರ್ಷ. ಒಬ್ಬೊಬ್ಬರ ಗಡಿಯಾರ ಒಂದೊಂದು ತರಹ. ಇನ್ನು ಕೆಲವು ಕಡೆ ಗಡಿಯಾರವೇ ನಿಂತಿದೆ. ಡೆನ್ಮಾರ್ಕಿನಲ್ಲಿ ಉಳಿದಿದ್ದ ಒಂದೇ ಸಂಸ್ಥೆ 2024ರ ಜನವರಿಯಲ್ಲಿ ಈ ಕೆಲಸ ನಿಲ್ಲಿಸುತ್ತೇವೆ ಅಂದಿತು. ನೆದರ್‌ಲ್ಯಾಂಡ್ಸ್ ಅದೇ ವರ್ಷ ಹೊರದೇಶದ ದತ್ತನ್ನೇ ಹಂತಹಂತವಾಗಿ ಮುಚ್ಚುವುದು ಅಂತ ತೀರ್ಮಾನ ಮಾಡಿತು. ಹಳೆಯ ದತ್ತುಗಳಲ್ಲಿ ಆದ ಮೋಸ ಹೊರಗೆ ಬಂದ ಮೇಲೆ. 2004ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 45,000ದಷ್ಟು ಹೊರದೇಶದ ದತ್ತು ನಡೆಯುತ್ತಿತ್ತು, ಈಗ ಅದರ ಒಂದು ಸಣ್ಣ ಪಾಲು. ಅರ್ಜಿ ಕಡಿಮೆ ಆದಾಗ ಅದನ್ನು ನೋಡುವ ಸಿಬ್ಬಂದಿಯನ್ನು ಯಾವ ಕಚೇರಿ ಉಳಿಸಿಕೊಳ್ಳುತ್ತದೆ ಹೇಳಿ.

ಹಾಸನದ_ಹುಡುಗಿ:
ಎಲ್ಲ ಓದಿದೆ. ಇಬ್ಬನಿ ಬರೆದದ್ದನ್ನು ಮೊದಲ ಸಲ ಓದಿದಾಗ ಸಿಟ್ಟು ಬಂತು. ಪುಟ್ಟ ಮಗು ಬೇಕು ಅನ್ನುವುದು ಅಪರಾಧನಾ ಅಂತ ಅನ್ನಿಸಿತು. ರಾತ್ರಿ ಇವರಿಗೂ ಓದಿ ಹೇಳಿದೆ. ಇವರು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು, "2ರಿಂದ 4 ವರ್ಷ ಅಂದರೆ ಒಟ್ಟು ವಯಸ್ಸು 90ರ ತನಕ ಆಗುತ್ತದಲ್ಲಾ" ಅಂದರು. ಲೆಕ್ಕ ಹಾಕಿದರೋ, ಮನಸ್ಸು ಬದಲಾಯಿತೋ, ನನಗೆ ಗೊತ್ತಾಗಲಿಲ್ಲ.

ನಿವೃತ್ತೆ_ಮೈಸೂರು:
ಎರಡೂ ಇರಬಹುದು, ತಪ್ಪಿಲ್ಲ. ಆದರೆ ಗಿಲ್ಟ್‌ಗೆ ಮಾತ್ರ ದೊಡ್ಡ ಮಗು ತಗೊಳ್ಳಬೇಡಿ ತಾಯಿ.

ಹಾಸನದ_ಹುಡುಗಿ:
ಇಲ್ಲ ಮೇಡಂ. ಯೋಚನೆ ಮಾಡುತ್ತೇವೆ. ಈಗ ಒಂದು ಚಿಲ್ಲರೆ ಪ್ರಶ್ನೆ. ಸಂಸ್ಥೆಯವರು ದಾಖಲೆ ರೆಡಿ ಇಟ್ಟುಕೊಳ್ಳಿ ಅಂದಿದ್ದಾರೆ. ನನ್ನ ಜನನ ಪತ್ರದಲ್ಲಿ ಹೆಸರೇ ಇಲ್ಲ. "ಹೆಣ್ಣು" ಅಂತ ಇದೆ, ಅಪ್ಪ ಅಮ್ಮನ ಹೆಸರು ಇದೆ, ಅಷ್ಟೇ. ಇಲ್ಲಿ ಅದನ್ನು ತೋರಿಸಿದರೆ ನಗುತ್ತಾರೆ.

ನಿವೃತ್ತೆ_ಮೈಸೂರು:
ನಮ್ಮ ಕಾಲದವರದ್ದೆಲ್ಲ ಹಾಗೇ. ಜನನ ನೋಂದಣಿ ಆದ ಕಚೇರಿಯಲ್ಲೇ ಹೆಸರು ಸೇರಿಸಬೇಕು. ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಟ್ಟು ಅಪ್ಪನನ್ನು ಕಳಿಸಿ. ಏನೇನು ಬೇಕು ಅಂತ ಅಲ್ಲೇ ಹೇಳುತ್ತಾರೆ. ಹಾಸನದಲ್ಲೇ ಇದ್ದಾರಲ್ಲಾ?

ಹಾಸನದ_ಹುಡುಗಿ:
ಇದ್ದಾರೆ. ಆದರೆ ಅಪ್ಪನಿಗೆ ದತ್ತು ವಿಷಯ ಇನ್ನೂ ಹೇಳಿಲ್ಲ.

ನಿವೃತ್ತೆ_ಮೈಸೂರು:
14 ತಿಂಗಳಿಂದ?

ಹಾಸನದ_ಹುಡುಗಿ:
ಹ್ಞಂ. ಹೋಮ್ ಸ್ಟಡಿ ಮುಗಿಯಲಿ, ಆಮೇಲೆ ಹೇಳೋಣ ಅಂತ ಇದ್ದೆ.

ನಿವೃತ್ತೆ_ಮೈಸೂರು:
ನಾನಾಗಿದ್ದರೆ ಮೊದಲ ಭೇಟಿಯಲ್ಲಿ ಮೊದಲು ಕೇಳುತ್ತಿದ್ದದ್ದೇ ಅದು. ಮನೆಯಲ್ಲಿ ಯಾರ್ಯಾರಿಗೆ ಗೊತ್ತು ಅಂತ.

ಹಾಸನದ_ಹುಡುಗಿ:
ಈಗ ಅಲ್ಲಿ ರಾತ್ರಿ ಹತ್ತೂವರೆ. ಮಲಗಿರುತ್ತಾರೆ. ನಾಳೆ ಮಾಡುತ್ತೇನೆ.

ಸಿಲ್ಕ್‌ಬೋರ್ಡ್_ಸಿಗ್ನಲ್:
ಹಾಸನದಲ್ಲಿ ಹತ್ತೂವರೆಗೆ ಯಾರು ಮಲಗುತ್ತಾರೆ ಅಕ್ಕ. ಟಿವಿ ನೋಡುತ್ತಿರುತ್ತಾರೆ. ಮಾಡಿ.